ಹಸಿರೆಮ್ಮೆಗೆ ಉಪ್ಪುನೀರು

ನನ್ನ ಮೊಮ್ಮಗಳು ಅಭಿನಯಾ ಕೊಯಮತ್ತೂರಿನಲ್ಲಿ ಚಿತ್ರಕಲೆ ಓದುವವಳು. ರಜೆಗೆ ನಮ್ಮೂರು ತುಮ್ಮನಟ್ಟಿಗೆ ಬಂದವಳು ಟೀ ಎಲೆ ಕೀಳಲು ಬಾ ಎಂದರೆ ಬರಲಿಲ್ಲ. ಊಟಿಯ ಪ್ರದರ್ಶನಕ್ಕೆಂದು ಅಂಗಳದಲ್ಲಿ ತಂತಿ ಕಟ್ಟಿ, ಮಣ್ಣು ಮೆತ್ತಿ, ಎಮ್ಮೆಯೊಂದನ್ನು ನಿಲ್ಲಿಸಿದಳು. ಅದರ ಮೈ ತುಂಬ ಹುಲ್ಲಿನ ಬೀಜ ಒತ್ತಿದಳು. ನಾನು ಬೈದದ್ದೆಲ್ಲ ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ಕೆಲವೇ ದಿನಕ್ಕೆ ಆ ಎಮ್ಮೆಗೆ ಹಸಿರು ಕೂದಲು ಬಂತು.

"ಇದೇನ ಕೂಸೇ, ಎಮ್ಮೆಯಾ, ಗಿಡವಾ?"

"ಎರಡೂ, ಹೆತ್ತೆ," ಎಂದಳು. ಅಜ್ಜಿಗೆ ನಮ್ಮಲ್ಲಿ ಹಾಗೆನ್ನುವುದು. "ಮುಂದೆ ಲ್ಯಾಬಿನಲ್ಲಿ ಗಿಡದ ಜೀನನ್ನು ಎಮ್ಮೆಗೆ ಸೇರಿಸಿದರೆ ಹೀಗಿರಬಹುದು ಅಂತ ಎನ್ನ ಕಲ್ಪನೆ. ಬಿಸಿಲಲ್ಲಿ ನಿಂತರೆ ಸಾಕು, ಹೊಟ್ಟೆ ತುಂಬುತ್ತೆ. ಮೇಯೋಕೆ ಜಾಗ ಬೇಡ."

ಆ ಮಾತು ನನಗೆ ಚುಚ್ಚಿತು. ಹುಲ್ಲುಗಾವಲಿಗೆಲ್ಲ ಟೀ ಹಾಕಿದ ವರ್ಷ ನನ್ನ ಗಂಡ ಧರ್ಮಲಿಂಗಂ ನಮ್ಮ ಕೊನೆಯ ಎಮ್ಮೆ ಚುಕ್ಕಿಯನ್ನು ಲಾರಿಗೆ ಹತ್ತಿಸಿದ್ದರು. ಆಮೇಲೆ ಅವರ ಬಾಯಲ್ಲಿ ಅದರ ಹೆಸರೇ ಬರಲಿಲ್ಲ. ಹೋದ ವರ್ಷ ಲಕ್ವ ಹೊಡೆದ ಮೇಲಂತೂ ಯಾವ ಮಾತೂ ಬರಲಿಲ್ಲ. ಒಂದು ಮಾತು ಕೇಳಲು ನಾನು ಗೋಗರೆದೆ, ಬೈದೆ, ಅತ್ತೆ. ಕಲ್ಲಿನ ಹಾಗೆ ಕೂತಿರುತ್ತಿದ್ದರು.

ಒಂದು ಬೆಳಗ್ಗೆ ಅವರನ್ನು ಬಿಸಿಲಿಗೆ ತಂದು ಕೂರಿಸಿದೆ. ಹಸಿರೆಮ್ಮೆಯನ್ನು ನೋಡಿದರು.

"ಚುಕ್ಕಿ," ಎಂದರು. ಆಮೇಲೆ, "ಉಪ್ಪು."

ಎಮ್ಮೆಗಳಿದ್ದ ಕಾಲದಲ್ಲಿ ಉಪ್ಪಿನ ಹಬ್ಬದ ದಿನ ಅವಕ್ಕೆ ಉಪ್ಪುನೀರು ಕುಡಿಸುತ್ತಿದ್ದೆವು. ಬೇಗ ಬೇಗ ಒಂದು ಚೊಂಬು ಕಲಸಿ ಅವರ ಕೈಗೆ ಕೊಟ್ಟು, ಕೂಸನ್ನು ಕರೆಯಲು ಒಳಗೆ ಓಡಿದೆ.

ಮುನಿಸಿಕೊಂಡು ಮೇವಿಗೆ ಬಾಯಿ ಹಾಕದ ಎಮ್ಮೆಗೆ ಏನು ಮಾಡುತ್ತೇವೆ? ಹುಲ್ಲಿಗೆ ಉಪ್ಪುನೀರು ಚಿಮುಕಿಸುತ್ತೇವೆ. ಅವರೂ ಅದನ್ನೇ ಮಾಡಿದ್ದರು. ಹುಲ್ಲೆಂದರೆ ಅಲ್ಲಿದ್ದದ್ದು ಅದರ ಮೈಯೇ. ನಾವು ಬರುವಷ್ಟರಲ್ಲಿ ಚೊಂಬು ಖಾಲಿ.

"ವಸಂತಾ, ನೋಡು, ಚುಕ್ಕಿ ಬಂದುಬಿಟ್ಟಳು," ಎಂದರು. ನನ್ನ ಹೆಸರನ್ನು ಅವರ ಬಾಯಲ್ಲಿ ಕೇಳಿ ನಾನು ಬಾಗಿಲು ಹಿಡಿದು ಅತ್ತುಬಿಟ್ಟೆ. ಅಭಿನಯಾ ಎಮ್ಮೆಯನ್ನೂ ನೋಡಿದಳು, ಅವರನ್ನೂ ನೋಡಿದಳು. ಅವರು ಮಲಗಿದ ಮೇಲೆ ಉಪ್ಪಿಗೆ ಹುಲ್ಲು ಸಾಯುತ್ತದೆಂದು ನೀರು ಹೊಯ್ದು ಹೊಯ್ದು ತೊಳೆದಳು. ಪ್ರಯೋಜನವಾಗಲಿಲ್ಲ.

ಹುಲ್ಲು ಒಣಗುವವರೆಗೆ ಅಷ್ಟೂ ದಿನ ಅವರು ಅದರ ಹತ್ತಿರವೇ ಕೂತು ಮಾತಾಡಿದರು. ಕೊನೆಗೆ ಎಮ್ಮೆಯ ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಸರಿಯಿದ್ದ ಕೈಯಿಂದ ನೇವರಿಸಿದರೆ ಒಣಹುಲ್ಲು ಕಿತ್ತು ಬಂತು. ಅದನ್ನು ಹಿಡಿದುಕೊಂಡು ಲಾರಿ ಹೋದ ದಾರಿಯನ್ನೇ ನೋಡಿದರು.

"ಮತ್ತೆ ಬಿತ್ತುತ್ತೇನೆ, ಹೆತ್ತಪ್ಪ," ಎಂದು ಅಜ್ಜನಿಗೆ ಹೇಳಿದಳು ಅಭಿನಯಾ. ಪ್ರದರ್ಶನ ಬಿಟ್ಟು ಬಿತ್ತಿದಳು. ಹಸಿರೂ ಬಂತು. ನಾನು ಚೊಂಬಿಗೆ ಬರೀ ನೀರು ತುಂಬಿ ಅವರ ಕೈಗಿಟ್ಟು, "ಚುಕ್ಕಿಗೆ ಉಪ್ಪು ಕೊಡಿ," ಎಂದೆ.

ಎಮ್ಮೆಯನ್ನು ನೋಡಿದರು. ಚೊಂಬನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಚುಕ್ಕಿ ಇಲ್ಲ," ಎಂದರು.

ಆಮೇಲೆ ಅವರು ಮಾತಾಡಿಲ್ಲ.