ದೇಜಪ್ಪನ ಎಡಗೈ

ಸೂರಜ್ ಚಟ್ಟದ ಬಿದಿರಿಗೆ ಕೈಹಾಕಿದ್ದೇ ತಡ, ಸತ್ತ ದೇಜಪ್ಪನ ಹೆಂಡತಿ ವಿಮಲಕ್ಕ ಸೂರಜನ ಕಾಲರು ಹಿಡಿದು ಎಳೆದ ರಭಸಕ್ಕೆ ಗುಂಡಿಗಳು ಸಿಡಿದವು. ಒಂದು ಗುಂಡಿ ಐದು ಸ್ಟೇಷನ್ ಆಚೆಯ ಅಂಬರನಾಥಕ್ಕೆ ಹೋಗಿ ಬಿದ್ದಿತೆಂದರೂ ಡೊಂಬಿವಲಿಯ ಆ ಚಾಳಿನವರು ನಂಬುತ್ತಾರೆ. ಹಿಂದೆಯೇ ಕಪಾಳಕ್ಕೊಂದು ಬಿತ್ತು.

"ಮುಟ್ಟಬೇಡ! ಒಂಬತ್ತು ವರ್ಷ ಎಲ್ಲಿ ಸತ್ತಿದ್ದೆ ನೀನು?"

"ಅಕ್ಕಾ, ಸ್ಮಶಾನದವರೆಗೆ ಒಂದು ಹೆಗಲು. ಮತ್ತೇನೂ ಬೇಡ ನನಗೆ."

"ಹೆಗಲು ನಿನ್ನ ಅಣ್ಣ ಕೊಡ್ತಾನೆ. ಇವರ ಕೈಯಿಂದ ಬದುಕಿದವನು ಅವನು. ನೀನು ಕೊಟ್ಟದ್ದು ಎಂಥ? ಸ್ಟೂಲಿನ ಪೆಟ್ಟು!"

ಸೂರಜನ ತುಟಿ ಒಡೆದು ರಕ್ತ ಬಂತು. ಅಣ್ಣ ಯಶ್ವಂತ್ ತಲೆ ಎತ್ತದೆ ಹಗ್ಗ ಬಿಗಿಯುತ್ತಲೇ ಇದ್ದ.

"ಹೆಣದ ಎದುರು ಕುಸ್ತಿಗೆ ಟಿಕೆಟ್ ಇಟ್ಟಿದ್ದೀರಾ ಮಾರ್ರೆ?" ಎಂದ ಪಕ್ಕದ ಮನೆಯ ಯಜ್ಞೇಶ್ವರ.

* * *

೨೦೦೭ರ ಮೇ ತಿಂಗಳು. ಆ ಮಧ್ಯಾಹ್ನ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಯಮನಿಗೂ ನಿಲ್ಲಲು ಜಾಗವಿರಲಿಲ್ಲ. ಹೋಟೆಲಿನ ಗ್ರೈಂಡರಿನಿಂದ ಶಾಕ್ ಹೊಡೆದ ಯಶ್ವಂತನನ್ನು ಸೂರಜ್ ರಿಕ್ಷಾದಲ್ಲಿ ಹಾಕಿ ತಂದಿದ್ದ. ಎದೆಬಡಿತ ನಿಂತಿತ್ತು. ಡಾಕ್ಟರು ಮೂಗುಬಾಯಿಗೆ ಗಾಳಿಚೀಲ ಹಿಡಿದು, "ದೇಜಪ್ಪಾ, ಎದೆ ಒತ್ತು! ನಿಲ್ಲಿಸಬೇಡ!" ಎಂದು ಕಿರುಚಿದರು.

ವಾರ್ಡ್‌ಬಾಯ್ ದೇಜಪ್ಪನ ಕೈ ಎಂದರೆ ಆನೆಯ ಕಾಲು. ನಾಲ್ಕನೆಯ ಒತ್ತಿಗೆ ಪಕ್ಕೆಲುಬು ಲಟಕ್ಕೆಂದಿತು.

ಅಣ್ಣನ ಎದೆಯನ್ನು ಎಲ್ಲರೆದುರೇ ಮುರಿಯುತ್ತಿದ್ದಾರೆ! "ಮಾರ್ ಡಾಲಾ ಸಾಲೇನೇ! ಕೊಂದೇಬಿಟ್ಟ!" ಎಂದು ಸೂರಜ್ ಕಬ್ಬಿಣದ ಸ್ಟೂಲು ಬೀಸಿದ. ದೇಜಪ್ಪನ ಎಡ ಮೊಣಕೈ ಒಡೆದ ಸದ್ದಿಗೆ ಕಲ್ಯಾಣದಲ್ಲಿ ಲೋಕಲ್ ರೈಲು ನಿಂತಿರಬೇಕು. ಚರ್ಮ ಸೀಳಿ ಮೂಳೆ ಇಣುಕಿತು. ಆ ಮಹಾರಾಯ ಹಲ್ಲು ಕಚ್ಚಿ ಬಲಗೈ ಒಂದರಿಂದಲೇ ಒತ್ತಿದ. ಮುನ್ನೂರು ಸಲವೋ, ಮೂರು ಸಾವಿರ ಸಲವೋ. ತನ್ನದೇ ರಕ್ತದಲ್ಲಿ ಅಂಗೈ ಜಾರಿದರೂ, ಯಶ್ವಂತ್ ಕೆಮ್ಮುವವರೆಗೆ ಬಿಡಲಿಲ್ಲ.

ದೇಜಪ್ಪ ಪೊಲೀಸರಿಗೆ ಹೇಳಿದ್ದು ಇಷ್ಟೇ: "ಫಿನಾಯಿಲ್ ಒರೆಸಿದ ನೆಲ ಸಾಹೇಬ್ರೇ, ಜಾರಿ ಬಿದ್ದೆ."

ಮೊಣಕೈ ಮತ್ತೆ ಮಡಚಲಿಲ್ಲ. ದೇಜಪ್ಪ ಒಂದೇ ಕೈಯಲ್ಲಿ ಒಂಬತ್ತು ವರ್ಷ ಸ್ಟ್ರೆಚರ್ ತಳ್ಳಿದ. ಸೂರಜ್ ಅವನ ಕಣ್ಣಿಗೆ ಬೀಳಬಾರದೆಂದು ದಿನಾ ಪಕ್ಕದ ಸ್ಟೇಷನ್ ಠಾಕುರ್ಲಿಯಲ್ಲಿಳಿದು ಮನೆಗೆ ನಡೆದ. ಕ್ಷಮೆ ನಾಳೆ ಕೇಳೋಣ, ನಾಡಿದ್ದು ಕೇಳೋಣ. ನಿನ್ನೆ ಸಂಜೆ ದೇಜಪ್ಪ ಅದೇ ಕ್ಯಾಶುವಾಲ್ಟಿಯ ಬಾಗಿಲಲ್ಲಿ ಕುಸಿದು ಸತ್ತ.

* * *

ಹೆಣದ ಕೈಗಳ ಹೆಬ್ಬೆರಳುಗಳನ್ನು ಎದೆಯ ಮೇಲೆ ಕೂಡಿಸಿ ಕಟ್ಟಬೇಕಿತ್ತು. ಬಲಗೈ ಬಂತು. ಎಡಗೈ ಮಾತ್ರ ಹೊರಗೆ ಸೆಟೆದು ನಿಂತು, ಏನು ಮಾಡಿದರೂ ಎದೆಯ ಮೇಲೆ ಬರಲೊಲ್ಲದು. ಯಜ್ಞೇಶ್ವರ ಅದರ ಮೇಲೆ ಮೊಣಕಾಲೂರಿದ.

"ಒಂದು ಸಲ ಲಟಕ್ ಅನ್ನಿಸಿದ್ರೆ ಸರಿಯಾಗ್ತದೆ. ಅವನಿಗೀಗ ನೋವೆಂಥದು?"

ಸೂರಜ್ ಹಾರಿ ಅವನ ಕುತ್ತಿಗೆಗೇ ಕೈಹಾಕಿದ. ಇಬ್ಬರೂ ಹೂವಿನ ಬುಟ್ಟಿಯ ಮೇಲೆ ಉರುಳಿದರು. "ಮುಟ್ಟಿದ್ರೆ ಕೊಂದುಬಿಡ್ತೇನೆ! ಮುರೀಬೇಡಿ ಅದನ್ನ!" ಗಂಡಸರು ಅವನನ್ನು ಒದ್ದು ಬಿಡಿಸಬೇಕಾಯಿತು.

ಗದ್ದಲ ಅಡಗಿತು. ವಿಮಲಕ್ಕ ಗಂಡನ ಆ ಕೈಯನ್ನು ಒಮ್ಮೆ ನೋಡಿದಳು, ಆಮೇಲೆ ಸೂರಜನನ್ನು.

"ಹೆಗಲು ನಿನಗಿಲ್ಲ," ಎಂದಳು. "ಅದನ್ನು ಹಿಡ್ಕೊಂಡು ಬಾ."

ಚಟ್ಟ ಎದ್ದಿತು. ರಿಕ್ಷಾಗಳ ಹಾರನ್ನಿನ ನಡುವೆ ನಾಲ್ವರು ದಾಪುಗಾಲು ಹಾಕಿದರು. ಬಿದಿರಿನಾಚೆ ಚಾಚಿದ್ದ ಅಂಗೈಯನ್ನು ಎರಡೂ ಕೈಗಳಲ್ಲಿ ಹಿಡಿದ ಸೂರಜ್, ಗುಂಡಿಯಿಲ್ಲದ ಅಂಗಿಯಲ್ಲಿ, ಬರಿಗಾಲಲ್ಲಿ ಎಡವುತ್ತಿದ್ದ. ಅವನು ಹಿಂದೆ ಬಿದ್ದಾಗಲೆಲ್ಲ ದೇಜಪ್ಪನ ಕೈ ಅವನನ್ನು ಎಳೆದುಕೊಂಡು ಹೋಗುತ್ತಿತ್ತು.