ಒಲೆಯ ಬದಿಯ ಜಾಗ

ಕೈ ಖಾಲಿಯಿದ್ದಾಗಲೂ ಪಿಲ್ಸುನ್ ಅವರು ಏನನ್ನೋ ಹೊತ್ತವರಂತೆಯೇ ನಡೆಯುತ್ತಿದ್ದರು. ಎಡ ಸೊಂಟ ಒಂದಿಷ್ಟು ಹೊರಕ್ಕೆ, ಬಲ ಭುಜ ಒಂದಿಷ್ಟು ಕೆಳಕ್ಕೆ, ಹೆಜ್ಜೆ ಓರೆಯಾಗಿ. ಜೆಚೊನ್ ಪೇಟೆಯ ಸಂತೆಯ ಗದ್ದಲದಲ್ಲಿ ಬೆನ್ನ ಹಿಂದಿನಿಂದ ನೋಡಿದರೂ ಸೊಸೆ ಒಕ್ರಾನಳಿಗೆ ಅತ್ತೆಯ ಗುರುತು ಹಿಡಿಯಲು ಅಷ್ಟು ಸಾಕಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಅದನ್ನು ಮಂಡಿನೋವೆಂದುಕೊಂಡಿದ್ದಳು. ಆ ನಡಿಗೆ ಎಲ್ಲಿಂದ ಬಂತೆಂದು ತಿಳಿದದ್ದು ಶರತ್ಕಾಲದ ಕೊನೆಯಲ್ಲಿ, ಅಂಗಳದ ಕುಂಡಗಳನ್ನು ಒಳಗೆ ತರುವ ದಿನ.

ಇಬ್ಬನಿ ಹೆಪ್ಪುಗಟ್ಟುವ ದಿನ ಇಂಥದ್ದೆಂದು ಪಂಚಾಂಗದಲ್ಲಿರುವುದನ್ನು ಊರೆಲ್ಲ ನಂಬುತ್ತಿತ್ತು, ಅತ್ತೆ ನಂಬುತ್ತಿರಲಿಲ್ಲ. ಸಂಜೆ ಬಾವಿಕಟ್ಟೆಯ ಕಲ್ಲಿನ ಮೇಲೆ ಅಂಗೈಯೂರಿ ನಿಂತು, ಅದೇನು ಹೇಳುತ್ತಿತ್ತೋ ಕೇಳಿಸಿಕೊಂಡು, ‘ನಾಳೆ’ ಎಂದರೆ ನಾಳೆಯೇ. ಚಳಿಗಾಲಕ್ಕೆಂದು ಕೋಸು ಹುಳಿಹಾಕಿದ ಕಿಮ್ಚಿಯ ಜಾಡಿಗಳು ಮನೆಯಿಂದ ಹೊರಟು ಕುತ್ತಿಗೆಯವರೆಗೆ ಮಣ್ಣಿಗಿಳಿಯುವ ಆ ಕಾಲದಲ್ಲಿ, ಮಣ್ಣನ್ನು ನೆಚ್ಚಿದ ಗಿಡಗಳು ಮನೆಯೊಳಗೆ ಬರುತ್ತಿದ್ದವು. ಹಬ್ಬದೂಟಕ್ಕೆ ಹಿರಿಯರನ್ನು ಕೂರಿಸುವ ಕ್ರಮದಲ್ಲೇ ಮೊದಲು ಮುದಿ ದಾಳಿಂಬೆ, ಆಮೇಲೆ ಅಂಜೂರ, ಆಮೇಲೆ ಕಣಗಿಲೆಗಳು. ಒಂದೊಂದು ಕುಂಡದ ತಳವನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಎಡ ಸೊಂಟಕ್ಕೇರಿಸಿ, ಹೊಸ್ತಿಲಲ್ಲಿ ಕೊಂಬೆ ತಾಗದಂತೆ ಓರೆಯಾಗಿ ನುಸುಳುವರು. ಸಹಾಯಕ್ಕೆ ಕೈ ಚಾಚಿದರೆ ಆ ಕೈಗೆ ಪೊರಕೆ ಸಿಗುತ್ತಿತ್ತು.

ಗಿಡಗಳು ಸೇರುತ್ತಿದ್ದದ್ದು ಅತ್ತೆಯ ಕೋಣೆಯನ್ನು. ಅಡುಗೆಮನೆಯ ಒಲೆಯ ಬಿಸಿ ಆ ಕೋಣೆಯ ನೆಲದಡಿಯಲ್ಲಿ ಹರಿದುಹೋಗುತ್ತಿತ್ತು. ಒಲೆಯ ಬದಿಯ ನೆಲ ಸುಡುವಷ್ಟು ಬೆಚ್ಚಗೆ, ಕಿಟಕಿಯ ಬದಿಯದು ಬರಿಗಾಲು ಊರಲಾಗದಷ್ಟು ತಣ್ಣಗೆ. ಕಿಟಕಿಯ ಬದಿ ಗಿಡಗಳಿಗೆ, ಒಲೆಯ ಬದಿ ಮನೆಯ ಹಿರಿಯರಿಗೆ. ನೆಲಕ್ಕೆ ಅಂಟಿಸಿದ್ದ, ಎಣ್ಣೆ ಕುಡಿದ ಕಾಗದ ಅಲ್ಲಿ ಕಾವಿಗೆ ಕಂದಿ ಜೇನಿನ ಬಣ್ಣವಾಗಿತ್ತು. ಅತ್ತೆ ಮಲಗುತ್ತಿದ್ದದ್ದು ಅಲ್ಲಿ; ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ಮಗ ಗಿಹೋನ ಅನ್ನದ ಬಟ್ಟಲು, ಅವನು ಮನೆಗೆ ಬರುವವರೆಗೂ ಆರದಂತೆ ಕೂತಿರುತ್ತಿದ್ದದ್ದೂ ಅಲ್ಲೇ, ಅವರ ರಜಾಯಿಯ ಕೆಳಗೆ.

ಒಕ್ರಾನ್ ದಕ್ಷಿಣದ ನಾಮ್‌ಹೆ ದ್ವೀಪದವಳು. ಅವಳ ತಾಯಿ ಹಿತ್ತಲ ಗೋಡೆಗೆ ಒತ್ತಾಗಿ ಬೆಳೆಸಿದ್ದ ಚೀಜಾ ಗಿಡದ ಬಿಳಿ ಹೂವಿನ ಪರಿಮಳ ಸಮುದ್ರದವರೆಗೂ ಹೋಗುತ್ತಿತ್ತು. ಅದರ ಒಣಕಾಯಿ ನೆನೆಸಿದ ನೀರು ಹಬ್ಬದ ಹಿಟ್ಟಿಗೆ ಹಳದಿ ಹತ್ತಿಸುತ್ತಿತ್ತು. ತಾಯಿ ತೀರಿಕೊಂಡ ಮರುವರ್ಷ ಅವಳ ಮದುವೆಯಾಯಿತು. ತಂದೆ ಆ ಗಿಡದ್ದೇ ಒಂದು ಸಸಿಯನ್ನು ಒಣಹುಲ್ಲಿನಲ್ಲಿ ಸುತ್ತಿ ರೈಲಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದು, ಬೀಗಿತ್ತಿಯ ಅಂಗಳದಲ್ಲಿಳಿಸಿ, ಊಟವನ್ನೂ ಸರಿಯಾಗಿ ಮಾಡದೆ ಹೊರಟುಹೋಗಿದ್ದರು. ಈ ಸಸಿ ಬದುಕಿದರೆ ತಾನೂ ಈ ಚಳಿಯ ಊರಿನಲ್ಲಿ ಬದುಕಿಯೇನು, ಇಲ್ಲವಾದರೆ ತಂದೆಯ ಮನೆಗೆ ಹೋಗಿಬಿಡುವೆನೆಂದು ಒಕ್ರಾನ್ ಯಾರಿಗೂ ಹೇಳದೆ ಮನಸ್ಸಿನಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದಳು.

ಕುಂಡಗಳು ಒಳಗೆ ಬಂದ ಆ ದಿನ ಚೀಜಾದ ಸರದಿ ಕೊನೆಯದು. ಹೊಸದಾಗಿ ಬಂದದ್ದು, ಎಲ್ಲಕ್ಕಿಂತ ಕಿರಿಯದು. ಊಟಕ್ಕೆ ತಾನು ಕೂರುವಂತೆ ಅದೂ ಬಾಗಿಲ ಬಳಿಯೇ ಕೂರುವುದೆಂದು ಒಕ್ರಾನ್ ಅಂದುಕೊಂಡಳು. ಅತ್ತೆ ಕುಂಡವನ್ನೆತ್ತಿಕೊಂಡು ದಾಳಿಂಬೆಯನ್ನು ದಾಟಿದರು, ಅಂಜೂರವನ್ನು ದಾಟಿದರು, ತಮ್ಮ ಹಾಸಿಗೆಯನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿ, ಜೇನಿನ ಬಣ್ಣದ ಆ ನೆಲದ ಮೇಲೆ ಕುಂಡವನ್ನಿಟ್ಟರು. ಸೊಸೆ ಬೇಡವೆಂದು ಗೋಗರೆದಳು.

“ದಕ್ಷಿಣದಿಂದ ಬಂದ ಕೂಸು. ಇಲ್ಲಿನ ಚಳಿ ಅದಕ್ಕೇನು ಗೊತ್ತು?” ಎಂದು ಅತ್ತೆ ತಮ್ಮ ಹಾಸಿಗೆಯನ್ನು ಸುತ್ತಿ ಕಿಟಕಿಯ ಬದಿಗೆ, ಕಣಗಿಲೆಗಳ ನಡುವೆ ಹಾಸಿಕೊಂಡರು.

ಪಕ್ಕದ ಮನೆಯ ಬೊಂಗ್ಸಿಮ್, ಸೋಯಾ ಹಾಲು ಒಡೆಸಿ ತೋಫು ಮಾರುವವಳು, ಇದನ್ನು ಕಂಡು ಸುಮ್ಮನಿರುವುದುಂಟೆ?

“ಏನೇ ಗಿಹೋನ ಅಮ್ಮ, ಗಿಡ ಒಲೆ ಪಕ್ಕ, ನೀನು ಕಿಟಕಿ ಪಕ್ಕ. ವಸಂತ ಬಂದ್ಮೇಲೆ ಅಂಗಳಕ್ಕೆ ಯಾರನ್ನ ಹೊತ್ತು ಹಾಕ್ತಾರೆ?”

“ಗಿಡ ಗೊರಕೆ ಹೊಡಿಯಲ್ಲ. ನಿನ್ನ ಹಾಗೆ ಬಾಯೂ ಬಡ್ಕೊಳಲ್ಲ,” ಎಂದು ಅತ್ತೆ ಅವಳ ಕೈಯಿಂದ ತೋಫು ತೆಗೆದುಕೊಂಡು ಬಾಗಿಲು ಎಳೆದುಕೊಂಡರು.

ಮೊದಲ ಹಿಮ ಬಿದ್ದ ವಾರ ಚೀಜಾದ ಒಂದು ಎಲೆ ಹಳದಿಯಾಯಿತು. ಆಮೇಲೆ ಇನ್ನೊಂದು. ಚಳಿ ಹೊಕ್ಕಿದೆಯೆಂದು ಅತ್ತೆ ಒಲೆಗೆ ಒಂದು ಸೌದೆ ಹೆಚ್ಚು ಹಾಕಿದರು. ಎಲೆಗಳು ಉದುರತೊಡಗಿದಾಗ ಎರಡು. ಮಗನ ಹಳೆಯ ಕೋಟನ್ನು ಕುಂಡದ ಸುತ್ತ ಹೊದಿಸಿದರು. ತಮಗೆ ಕೆಮ್ಮು ಹತ್ತಿದ್ದನ್ನು ಲೆಕ್ಕಕ್ಕೆ ತರಲಿಲ್ಲ. ಒಕ್ರಾನಳ ಊರಿನಲ್ಲಿ ಚೀಜಾ ವರ್ಷವಿಡೀ ಗಾಳಿಗೆ ನಿಂತೇ ಬೆಳೆಯುವುದರಿಂದ ಒಳಗಿಟ್ಟ ಗಿಡದ ಆರೈಕೆ ಅವಳಿಗೂ ತಿಳಿಯದು. ಉದುರಿದ ಎಲೆಗಳನ್ನು ಆರಿಸುವಾಗ ಅವಳ ಬೆರಳು ಒಂದು ಬೆಳಿಗ್ಗೆ ಆಕಸ್ಮಿಕವಾಗಿ ಮಣ್ಣಿನೊಳಗೆ ಇಳಿಯಿತು.

“ಅತ್ತೆ, ಮಣ್ಣು ಬಿಸಿ ಇದೆ.”

ಅತ್ತೆ ಬಂದು ತಾವೂ ಕೈಯಿಟ್ಟರು. ಆಗತಾನೆ ಬೆಂದ ಅನ್ನದಂತಿತ್ತು ಮಣ್ಣು. ಮೂವತ್ತು ಚಳಿಗಾಲ ದಾಳಿಂಬೆಯನ್ನು ತಣ್ಣನೆಯ ಬದಿಯಲ್ಲಿಟ್ಟೇ ಉಳಿಸಿದ್ದ ಹೆಂಗಸು. ಬೆಚ್ಚನೆಯ ನೆಲ ಬೇರನ್ನು ಬೇಯಿಸುತ್ತದೆಂಬುದನ್ನು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುಂಡಕ್ಕೆ ಹೊದಿಸಿದ್ದ ಮಗನ ಕೋಟನ್ನು ಬಿಚ್ಚಿ ತೆಗೆದರು.

“ಇದು ಗಿಡ ಅನ್ನೋದೇ ಮರೆತುಹೋಯ್ತು ನಂಗೆ,” ಎಂದರು ಕೊನೆಗೆ.

ಕುಂಡ ತಣ್ಣನೆಯ ಬದಿಗೆ ಹೋಯಿತು. ಹಾಸಿಗೆ ಮಾತ್ರ ಒಲೆಯ ಬದಿಗೆ ಮರಳಲಿಲ್ಲ; ಸೊಸೆ ಎಷ್ಟು ಸಲ ಎಳೆದು ತಂದರೂ ಬೆಳಗಾಗುವಷ್ಟರಲ್ಲಿ ಅದು ಚೀಜಾದ ಪಕ್ಕದಲ್ಲಿರುತ್ತಿತ್ತು. ವಸಂತದಲ್ಲಿ ಗಿಡಗಳೆಲ್ಲ ಹೊರಗೆ ಬಂದಾಗ ಒಣಕಡ್ಡಿಯಾದ ಚೀಜಾವೂ ಅವುಗಳೊಡನೆ ಸಾಲಿನಲ್ಲಿ ನಿಂತಿತು. ದಾಳಿಂಬೆ ಕೆಂಪಗೆ ಚಿಗುರಿತು, ಅಂಜೂರ ಎಲೆ ಬಿಚ್ಚಿತು. ಅತ್ತೆ ಒಣಕಡ್ಡಿಗೂ ದಿನಾ ನೀರು ಹಾಕುತ್ತಿದ್ದರು, ಯಾರೂ ನೋಡದ ಹೊತ್ತಿನಲ್ಲಿ. ಒಕ್ರಾನ್ ನೋಡುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾಗದೆ ಹತ್ತಿರ ಹೋಗಿ, ತೊಗಟೆಯನ್ನು ಉಗುರಿನಿಂದ ಗೀರಿ ತೋರಿಸಿದಳು. ಒಳಗೂ ಕಂದು.

“ಸಾಕು ಬಿಡಿ ಅತ್ತೆ.”

ಅತ್ತೆ ನೀರಿನ ತಂಬಿಗೆಯನ್ನು ಕೆಳಗಿಡಲಿಲ್ಲ. ಸೊಸೆಯ ಮುಖವನ್ನೂ ನೋಡಲಿಲ್ಲ.

“ಹಾಗಾದ್ರೆ ನೀನು ಹೋಗಿಬಿಡ್ತೀಯಾ?”

ಯಾರಿಗೂ ಹೇಳದ ಮಾತು ಇವರಿಗೆ ಹೇಗೆ ಗೊತ್ತಾಯಿತೆಂದು ಒಕ್ರಾನ್ ಕೇಳಲಿಲ್ಲ. ಚಳಿಗಾಲವಿಡೀ ಕಿಟಕಿಯ ಕೆಳಗೆ ಕೆಮ್ಮುತ್ತ ಮಲಗಿದ್ದವರು ಕಾಯುತ್ತಿದ್ದದ್ದು ಗಿಡವನ್ನಲ್ಲ ಎಂಬುದು ಮಾತ್ರ ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ತಂಬಿಗೆಯನ್ನು ಅವರ ಕೈಯಿಂದ ಬಿಡಿಸಿಕೊಂಡಳು.

“ಎಲ್ಲಿಗೆ ಹೋಗ್ಲಿ? ಮಳೆ ಹಿಡಿಯೋದ್ರೊಳಗೆ ಅಂಜೂರದ ಮಣ್ಣು ಬದಲಾಯಿಸ್ಬೇಕು ಅಂತಿದ್ರಲ್ಲ. ಬನ್ನಿ, ಹಿಡ್ಕೊಳ್ಳಿ ಆ ಕಡೆ.”

ಇಬ್ಬರೂ ಸೇರಿ ಎತ್ತಿದ ಮೊದಲ ಕುಂಡ ಅದು.

ಇಂಥವರು ಒಂದು ತಲೆಮಾರಿನ ಮನೆಮನೆಯಲ್ಲೂ ಇದ್ದರು. ತಮ್ಮ ಕೈಗೆ ಪಳಗಿದ ಜೀವಗಳ ಮಟ್ಟಿಗೆ ಅವರ ಅಂದಾಜು ಎಂದೂ ತಪ್ಪದು. ಆದರೆ ದೂರದಿಂದ ಬಂದ ಒಂದು ಜೀವದ ಮೇಲೆ ಮನಸ್ಸು ಹರಿಯಿತೋ, ತಿಳಿದದ್ದನ್ನೆಲ್ಲ ಬದಿಗಿಟ್ಟು, ತಾವು ಕೂತ ಜಾಗವನ್ನೇ ಎದ್ದು ಕೊಟ್ಟುಬಿಡುತ್ತಾರೆ. ಅದು ಬಂದವರಿಗೆ ಒಗ್ಗುವುದೋ ಇಲ್ಲವೋ ಎಂದು ಕೇಳುವುದು ಅವರಿಗೆ ತೋಚುವುದೇ ಇಲ್ಲ, ಏಕೆಂದರೆ ಕೊಡಲು ಅವರ ಬಳಿ ಬೇರೆ ಜಾಗವಿರುವುದಿಲ್ಲ. ಆ ಕಾವಿನಲ್ಲಿ ಏನೋ ಒಂದು ಬಾಡುತ್ತದೆ, ನಿಜ. ಆ ಜಾಗವನ್ನು ಕೊಟ್ಟವರು ಇಡೀ ಚಳಿಗಾಲವನ್ನು ಎಲ್ಲಿ ಮಲಗಿ ಕಳೆದರೆಂದು ಕಂಡವರು ಮಾತ್ರ ಆ ಮನೆ ಬಿಟ್ಟು ಹೋಗಲಾರರು.