ಗಡ್ಡದಜ್ಜನ ಡಬ್ಬಿ

ಆ ಮನೆಯಲ್ಲಿ ಸತ್ತವರಿಗೆಂದು ಇಡುವ ಯಾವುದನ್ನೂ ಮುಚ್ಚಿ ಇಡುವ ಹಾಗಿರಲಿಲ್ಲ. ಬಿಸ್ಕತ್ತಿನ ಪೊಟ್ಟಣವಾದರೆ ಅದರ ಬಾಯಿ ಕತ್ತರಿಸಬೇಕು. ಸೋಡಾ ಡಬ್ಬಿಯಾದರೆ ಕಿವಿ ಎಳೆದು ಬುಸ್ಸೆನ್ನಿಸಬೇಕು. ಸೋಯಾ ಹಾಲಿನ ಪೆಟ್ಟಿಗೆಗೆ ಕೊಳವೆ ಚುಚ್ಚಿ, ಅದರ ಕೊಕ್ಕನ್ನು ಪಟದ ಕಡೆಗೆ ತಿರುಗಿಸಿಡಬೇಕು. "ಪಾಪ, ಅವರಿಗೆ ಉಗುರೂ ಇಲ್ಲ, ಹಲ್ಲೂ ಇಲ್ಲ. ನಾವು ಬಿಚ್ಚಿ ಕೊಡದಿದ್ರೆ ಇನ್ಯಾರು ಕೊಡ್ತಾರೆ?" ಎನ್ನುತ್ತ ಅಜ್ಜಿ ಬದುಕಿರುವಷ್ಟು ದಿನ ತಾನೇ ಕತ್ತರಿ ಹಿಡಿದು ಕೂರುತ್ತಿದ್ದಳು. ಈಗ ಅಜ್ಜಿಯೇ ಪಟದೊಳಗೆ ಹೋಗಿ ಕೂತು ಒಂದು ವರ್ಷ ತುಂಬಿತ್ತು. ಕತ್ತರಿ ಲುವಾಳ ಕೈಗೆ ಬಂದಿತ್ತು.

ಲುವಾ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ. ಗಂಡ ಖಾಂಗ್‌ನ ತಾಯಿ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರಿಂದ ಅವನನ್ನು ಬೆಳೆಸಿದವಳು ಅಜ್ಜಿ. ಮನೆ ನಡೆಸುತ್ತಿದ್ದವಳು ಮಾತ್ರ ಅಜ್ಜಿಯ ಮಗಳು, ಖಾಂಗ್‌ನ ಸೋದರತ್ತೆ, ನ್ಯಾನ್ ಅತ್ತೆ. ಸಾ ಡೆಕ್ ಎಂಬ ಊರಿನ ಆ ಕಾಲುವೆ ಸಾಲಿನಲ್ಲಿ ಅವಳ ದನಿ ದೋಣಿಯ ಎಂಜಿನ್ನಿಗಿಂತ ಮೊದಲು ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು.

ವರ್ಷದ ತಿಥಿಯ ಆ ದಿನ ಬೆಳಿಗ್ಗೆಯಿಂದ ಲುವಾ ಪೂಜೆಯ ಮೇಜನ್ನು ತುಂಬುತ್ತಲೇ ಇದ್ದಳು. ಹಾಗಲಕಾಯಿಯ ಸಾರು, ಎಳನೀರಿನಲ್ಲಿ ಬೇಯಿಸಿದ ಹಂದಿಮಾಂಸ ಮತ್ತು ಮೊಟ್ಟೆ, ಮೀನಿನ ಗೊಜ್ಜು, ಬಿಸಿ ಅನ್ನ. ಅವುಗಳ ಸುತ್ತ ಅಂಗಡಿಯಿಂದ ಬಂದ ಬಣ್ಣಬಣ್ಣದ ಸಂತೆ: ನೀಲಿ ಡಬ್ಬಿಯ ಬೆಣ್ಣೆ ಬಿಸ್ಕತ್ತು, ಚಾಕೊಲೇಟ್ ಪೈ, ಎಳ್ಳಿನ ಮಿಠಾಯಿ, ಕೆಂಪು ಸೋಡಾ. ಎಲ್ಲವನ್ನೂ ಬಿಚ್ಚಿದ್ದಳು, ಒಂದನ್ನು ಬಿಟ್ಟು. ಆ ಒಂದು ಡಬ್ಬಿ ಚೆಂಡುಹೂವಿನ ಹೂದಾನಿಯ ಹಿಂದೆ, ಪಟದ ಚೌಕಟ್ಟಿಗೆ ಒರಗಿ, ಗೋಡೆಗೆ ಮುಖ ಮಾಡಿ ಕೂತಿತ್ತು. ಅದು ಸಿಹಿ ಗಟ್ಟಿಹಾಲಿನ ಡಬ್ಬಿ. ಅದರ ಮೇಲೆ ಕೋಲು ಹಿಡಿದ ಬಿಳಿಗಡ್ಡದ ಅಜ್ಜನ ಚಿತ್ರ.

ಅಜ್ಜಿಗೆ ಸಕ್ಕರೆ ಕಾಯಿಲೆ. ಲುವಾ ಮದುವೆಯಾಗಿ ಬಂದ ವಾರವೇ ನ್ಯಾನ್ ಅತ್ತೆ ಅವಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಹೇಳಿದ್ದಳು: "ನೋಡಮ್ಮ, ಈ ಮನೇಲಿ ನೀನು ಏನು ಬೇಕಾದ್ರೂ ಮಾಡು, ಮುದುಕಿಗೆ ಮಾತ್ರ ಸಿಹಿ ಕೊಡಬೇಡ. ಕೊಟ್ರೆ ನೀನೇ ಕೈಯಾರೆ ಕೊಂದ ಹಾಗೆ." ಲುವಾ ತಲೆಯಾಡಿಸಿದ್ದಳು. ಆದರೆ ಮಧ್ಯಾಹ್ನ ಮನೆಯೆಲ್ಲ ಮಲಗಿದಾಗ ಅಜ್ಜಿ ತೂಗುಮಂಚದಿಂದ ಕರೆಯುತ್ತಿದ್ದಳು, "ಏ ಹುಡುಗಿ, ನನ್ನ ಗಡ್ಡದಜ್ಜನ್ನ ಸ್ವಲ್ಪ ಕರ್ಕೊಂಡು ಬಾರೇ. ಇವತ್ತು ಅವನು ಮೂರನೇ ಹೊಳೆ ದಾಟಬೇಕು."

ಅದು ಅವರಿಬ್ಬರ ಒಪ್ಪಂದ. ಕಾಫಿಗೆ ಒಂದು ಚಮಚ ಗಟ್ಟಿಹಾಲು, ಅದಕ್ಕೆ ಬದಲಾಗಿ ಒಂದು ತುಣುಕು ಕತೆ. ಡಬ್ಬಿಯ ಮೇಲಿನ ಅಜ್ಜ ಮುನಿಸಿಕೊಂಡು ಓಡಿಹೋದ ಹೆಂಡತಿಯನ್ನು ಹುಡುಕುತ್ತ ಸಂತೆಯಿಂದ ಸಂತೆಗೆ ನಡೆಯುತ್ತಿದ್ದ. ಮೊಸಳೆಯೊಂದು ಅವನ ಗಡ್ಡವನ್ನು ಬೆಲ್ಲದ ನೂಲೆಂದು ತಿಳಿದು ನೆಕ್ಕಿತು. ಬಾತುಕೋಳಿ ಕಾಯುವವಳು ಅವನ ಕೋಲನ್ನು ಕದ್ದಳು. ಲುವಾ ಅಕ್ಕಿ ಡಬ್ಬಿಯೊಳಗಿಂದ ಗಟ್ಟಿಹಾಲನ್ನು ತೆಗೆದು, ಚಮಚವನ್ನು ಸದ್ದಾಗದಂತೆ ಆಡಿಸಿ, ನೆಲದ ಮೇಲೆ ಗಲ್ಲಕ್ಕೆ ಕೈಯೂರಿ ಕೂತು ಕೇಳುತ್ತಿದ್ದಳು. ತನ್ನ ತವರಿನ ಅಜ್ಜಿಯ ಮಡಿಲಿನ ವಾಸನೆ ಆಗ ಅವಳಿಗೆ ಎಲ್ಲಿಂದಲೋ ಬಂದು ತಾಗುತ್ತಿತ್ತು.

ಕೊನೆಯ ದಿನ ಅಜ್ಜಿ ಎರಡನೇ ಚಮಚ ಕೇಳಿದ್ದಳು. "ಇವತ್ತು ಹೊಳೆ ಅಗಲ ಕಣೇ, ಒಂದೇ ಚಮಚಕ್ಕೆ ದಾಟೋಕಾಗಲ್ಲ." ಲುವಾ ಹಾಕಿದಳು. ಅಜ್ಜ ನಡುನೀರಿನಲ್ಲಿದ್ದಾಗ ಅಜ್ಜಿಗೆ ಜೋಂಪು ಹತ್ತಿತು. ಮತ್ತೆ ಏಳಲೇ ಇಲ್ಲ.

ಆ ದಿನ ಸಂಜೆ ಡಾಕ್ಟರು ಬಂದು ಬಾಗಿಲಲ್ಲಿ ನಿಂತು ಅತ್ತೆಯೊಡನೆ ಏನೋ ಮಾತಾಡಿ ಹೋದರು. ಲುವಾ ಹಿತ್ತಲಲ್ಲಿ ಆ ಲೋಟವನ್ನು ತೊಳೆಯುತ್ತಿದ್ದಳು. ಎಷ್ಟು ತೊಳೆದರೂ ತಳದಲ್ಲಿ ಅಂಟಿದ್ದ ಹಾಗೆ ಕಾಣುತ್ತಿತ್ತು. ಅಂದಿನಿಂದ ಅವಳು ಯಾರನ್ನೂ ಏನೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಹೌದು ಎಂದುಬಿಟ್ಟರೆ?

ಈಗ ಪೂಜೆಯ ಮೇಜಿನ ಮೇಲೆ ಆ ಡಬ್ಬಿಯನ್ನು ಇಡದಿರಲೂ ಅವಳಿಂದ ಆಗಿರಲಿಲ್ಲ, ತೆರೆದಿಡಲೂ ಆಗಿರಲಿಲ್ಲ. ಇದು ನಾನು ನಿನಗೆ ಕೊಡುವ ಕೊನೆಯ ಡಬ್ಬಿ, ಕ್ಷಮಿಸಿಬಿಡು ಎಂದಷ್ಟೇ ಮನಸ್ಸಿನಲ್ಲಿ ಹೇಳಿಕೊಂಡು ಸಂಜೆ ಯಾರಿಗೂ ಕಾಣದಂತೆ ತೆಗೆದುಬಿಡುವ ಎಣಿಕೆ ಅವಳದು. ತೆರೆದಿಟ್ಟು, ಅಜ್ಜಿ ಮುಖ ತಿರುಗಿಸಿದರೆ ಅದನ್ನು ತಡೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

ಊದಿನಕಡ್ಡಿ ಉರಿದು ಮುಗಿಯಿತು. ಖಾಂಗ್‌ನ ಅಪ್ಪ, ಲುವಾಳ ಮಾವ, ಬಿಳಿ ಅಂಗಿಯ ಗುಂಡಿ ಹಾಕಿಕೊಂಡು ಬಂದು, ತಟ್ಟೆಯಲ್ಲಿದ್ದ ಎರಡು ಹಳೆಯ ತಾಮ್ರದ ಕಾಸುಗಳನ್ನು ಎತ್ತಿಕೊಂಡರು. ಒಂದೊಂದು ಕಾಸಿಗೂ ಒಂದು ಮುಖಕ್ಕೆ ಸುಣ್ಣ ಬಳಿದಿತ್ತು, ಇನ್ನೊಂದು ಮುಖ ಮಾಸಿ ಕಪ್ಪಾಗಿತ್ತು. ಒಂದು ಬೆಳ್ಳಗೆ, ಒಂದು ಕಪ್ಪಗೆ ಬಿದ್ದರೆ ಅಜ್ಜಿಯ ಊಟ ಮುಗಿಯಿತು, ಪಾತ್ರೆ ಇಳಿಸಬಹುದು ಎಂದರ್ಥ. ಎರಡೂ ಒಂದೇ ಬಣ್ಣವಾದರೆ ಇಲ್ಲ. ಅಂಗಳದ ಚಪ್ಪರದ ಕೆಳಗೆ ಮೂವತ್ತು ಮಂದಿ ಹಸಿದು ಕೂತಿದ್ದರು.

"ಅಮ್ಮಾ, ಹೊಟ್ಟೆ ತುಂಬ್ತಾ?" ಎಂದರು ಮಾವ. ಕಾಸು ಬಿದ್ದವು. ಎರಡೂ ಬಿಳಿ.

"ಎರಡೂ ಬಿಳಿ ಅಂದ್ರೆ ನಗ್ತಿದ್ದಾಳೆ," ಎಂದಳು ಪಕ್ಕದ ಮನೆಯ ಲ್ಯೂ ಅಜ್ಜಿ. ಸತ್ತವಳಿಗೆ ಅರವತ್ತು ವರ್ಷಗಳಿಂದ ಗೆಳತಿ ಅವಳು. ಪೂಜೆಯ ಮೇಜಿಗೆ ತಾಗಿಕೊಂಡೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. "ಇನ್ನೊಂದ್ಸಲ ಕೇಳಪ್ಪ. ಯಾವತ್ತೂ ಅವಳದು ನಿಧಾನದ ಊಟ."

ಎರಡನೇ ಸಲ ಎರಡೂ ಕಪ್ಪು. ಮೂರನೇ ಸಲವೂ ಕಪ್ಪು. ಅಂಗಳದ ಮಾತು ತಗ್ಗಿತು.

"ಏನೋ ಕಮ್ಮಿಯಾಗಿದೆ," ಎಂದು ನ್ಯಾನ್ ಅತ್ತೆ ಸೆಟೆದು ನಿಂತಳು. "ಸಾರಿಗೆ ಉಪ್ಪು ಹಾಕಿದ್ದೀಯೇನೇ?"

"ಹಾಕಿದ್ದೀನಿ ಅತ್ತೆ."

"ಮೀನಿನ ಗೊಜ್ಜಿಗೆ ಮೆಣಸಿನಕಾಯಿ?"

"ಅದೂ ಇದೆ."

"ಹಾಗಾದ್ರೆ ಇದೇನು?" ಲ್ಯೂ ಅಜ್ಜಿ ಕೂತಲ್ಲಿಂದಲೇ ಕೈಕೋಲು ಚಾಚಿ ಹೂದಾನಿಯನ್ನು ಪಕ್ಕಕ್ಕೆ ಸರಿಸಿದಳು. "ಅಯ್ಯೋ, ಇಲ್ಲೊಬ್ಬ ಮುದುಕ ಅಡಗಿ ಕೂತಿದ್ದಾನೆ! ಬಾಯಿ ಮುಚ್ಚಿದ ಡಬ್ಬಿ ಇಟ್ರೆ ಅವಳು ಹೇಗಮ್ಮ ತಿಂತಾಳೆ? ಮಗುವಿಗೆ ಗಿಲಕಿ ತೋರಿಸಿ ಕೈಗೆ ಕೊಡದ ಹಾಗಾಯ್ತು."

ನ್ಯಾನ್ ಅತ್ತೆ ಡಬ್ಬಿ ಎತ್ತಿಕೊಂಡಳು, ತಿರುಗಿಸಿದಳು. "ಇದನ್ನ ಯಾರು ಇಟ್ಟಿದ್ದು? ಬಿಸ್ಕತ್ತು ಮಿಠಾಯಿ ಆಮೇಲೆ ಬಂದವರಿಗೆ ಹಂಚೋಕಾದ್ರೂ ಆಗುತ್ತೆ, ಸಕ್ಕರೆ ಕಾಯಿಲೆಯವಳಿಗೆ ಗಟ್ಟಿಹಾಲಾ? ಬದುಕಿದ್ದಾಗ ಮುಟ್ಟದೇ ಇದ್ದಿದ್ದನ್ನ…"

"ಮುಟ್ತಿದ್ರು," ಎಂದಳು ಲುವಾ.

ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಒಳಗೆ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. "ನಾನೇ ಕೊಡ್ತಿದ್ದೆ ಅತ್ತೆ. ದಿನಾ ಮಧ್ಯಾಹ್ನ ಒಂದು ಚಮಚ. ಆವತ್ತು ಎರಡು ಕೊಟ್ಟೆ. ಅದನ್ನ ಕುಡಿದೇ ಮಲಗಿದ್ದು ಅಜ್ಜಿ. ನೀವು ಮೊದಲೇ ಹೇಳಿದ್ರಿ, ಕೊಟ್ರೆ ಕೊಂದ ಹಾಗೆ ಅಂತ. ನನ್ನಿಂದಾನೇ…" ಅವಳು ಕತ್ತರಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು.

ಬಾಗಿಲ ಬಳಿ ನಿಂತಿದ್ದ ಖಾಂಗ್ ಒಂದು ಹೆಜ್ಜೆ ಒಳಗಿಟ್ಟ.

"ಭಾನುವಾರ ನಾನು ಕೆಂಪು ಸೋಡಾ ಕೊಡ್ತಿದ್ದೆ," ಎಂದ. "ಅರ್ಧ ಡಬ್ಬಿ. ನಿನ್ನೊಬ್ಬನಿಗೇ ಹೇಳ್ತಿದ್ದೀನಿ ಮಗಾ, ಯಾರಿಗೂ ಬಾಯಿ ಬಿಡಬೇಡ ಅಂದಿದ್ಳು."

"ನನಗೂ ಹಾಗೇ ಅಂದಿದ್ಳು," ಎಂದರು ಮಾವ, ಕೈಯಲ್ಲಿದ್ದ ಕಾಸುಗಳನ್ನೇ ನೋಡುತ್ತ. "ಎಳ್ಳಿನ ಮಿಠಾಯಿ. ನಾನು ದೋಣಿಕಟ್ಟೆಗೆ ಹೋದಾಗೆಲ್ಲ ಜೇಬಲ್ಲಿ…"

"ಕಳ್ಳಿ!" ಎಂದು ಲ್ಯೂ ಅಜ್ಜಿ ಪಟದ ಕಡೆ ತಿರುಗಿ ತೊಡೆ ತಟ್ಟಿಕೊಂಡಳು. "ನಿನ್ನ ಬಿಟ್ರೆ ನನಗೆ ಯಾರಿದ್ದಾರೆ ಅಂತ ಅತ್ತು ಕರೆದು ನನ್ನ ಬಿಸ್ಕತ್ತಿನ ಡಬ್ಬಿನೆಲ್ಲ ಖಾಲಿ ಮಾಡಿದ್ಯಲ್ಲೇ! ನಾನೊಬ್ಳೇ ಅಂದ್ಕೊಂಡಿದ್ದೆ!"

ಚಪ್ಪರದ ಕೆಳಗೆ ಯಾರೋ ನಕ್ಕರು. ಲುವಾ ನಗಲಿಲ್ಲ. ಎಲ್ಲರೂ ಕೊಟ್ಟಿರಬಹುದು, ಆದರೆ ಆ ಮಧ್ಯಾಹ್ನ ಕೊಟ್ಟವಳು ಅವಳೊಬ್ಬಳೇ. ಪಾಪವನ್ನು ಹಂಚಿಕೊಂಡರೆ ಕಮ್ಮಿಯಾಗುವುದಕ್ಕೆ ಅದೇನು ಪೈ ಪೊಟ್ಟಣವೇ? ಅವಳು ನೋಡುತ್ತಿದ್ದದ್ದು ನ್ಯಾನ್ ಅತ್ತೆಯನ್ನು ಮಾತ್ರ. ಅತ್ತೆ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ಆವತ್ತು ಬೆಳಿಗ್ಗೆ," ಎಂದಳು ಕೊನೆಗೆ, "ನಾನೂ ಕೊಟ್ಟಿದ್ದೆ. ಅರ್ಧ ಚಾಕೊಲೇಟ್ ಪೈ."

"ನೀನಾ!" ಎಂದರು ಮಾವ.

"ಹೌದು ಅಣ್ಣ, ನಾನೇ. ಡಾಕ್ಟರು ಹೇಳಿದ್ಮೇಲೇ ಕೊಟ್ಟಿದ್ದು. ಅಮ್ಮ ಹೋಗೋದಕ್ಕೆ ಎರಡು ತಿಂಗಳು ಮುಂಚೆ ತೋರಿಸೋಕೆ ಹೋದಾಗ ಹೇಳಿದ್ರು, ಎಂಬತ್ತೊಂಬತ್ತು ವರ್ಷ ಆಯ್ತು, ಇನ್ಯಾಕೆ ಕಟ್ಟಿಹಾಕ್ತೀರಿ, ಸಕ್ಕರೆ ಹತೋಟಿಲಿದೆ, ಇಷ್ಟಪಟ್ಟದ್ದನ್ನ ಸ್ವಲ್ಪ ಸ್ವಲ್ಪ ಕೊಡಿ, ಸೋತಿರೋದು ಹೃದಯ ಅಂತ. ನಿಮಗೆಲ್ಲ ಹೇಳಿದ್ರೆ ಗಾಡಿಗಟ್ಟಲೆ ತಂದು ಸುರೀತೀರ ಅಂತ ಬಾಯಿ ಮುಚ್ಕೊಂಡಿದ್ದೆ." ಅವಳು ಲುವಾಳ ಕಡೆ ತಿರುಗಿದಳು. "ಆ ಸಂಜೆ ಬಾಗಿಲಲ್ಲಿ ನಾನು ಅವರನ್ನ ಕೇಳಿದ್ದೂ ಅದನ್ನೇ ಕಣೇ. ನಾನು ಕೊಟ್ಟ ಸಿಹಿಯಿಂದಾನಾ ಅಂತ. ಅವರು ಅಲ್ಲವೇ ಅಲ್ಲ ಅಂದ್ರು. ಹೃದಯ ನಿಂತಿದ್ದು, ಏನೂ ತಿನ್ನದೇ ಮಲಗಿದ್ರೂ ನಿಲ್ತಿತ್ತು ಅಂದ್ರು. ಕಾಗದದಲ್ಲೂ ಹಾಗೇ ಬರೆದಿದ್ದಾರೆ, ಬೀರುವಿನಲ್ಲಿದೆ."

ಲುವಾ ಒಂದೊಂದೇ ಮಾತನ್ನು ಹೊಳೆಯ ಕಲ್ಲು ದಾಟುವವಳ ಹಾಗೆ ಹೆಜ್ಜೆಯಿಟ್ಟು ದಾಟಿದಳು. ಅಲ್ಲವೇ ಅಲ್ಲ. ತಿನ್ನದಿದ್ದರೂ ನಿಲ್ಲುತ್ತಿತ್ತು. ಬರೆದಿದ್ದಾರೆ. ಬೀರುವಿನಲ್ಲಿದೆ. ಎದೆಯೊಳಗೆ ವರ್ಷವಿಡೀ ಬಿಗಿದು ಕಟ್ಟಿದ್ದ ಯಾವುದೋ ದಾರ ಸಡಿಲವಾಗಿ ಜಾರಿತು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

"ಒಂದು ವರ್ಷ, ಅತ್ತೆ!" ಎಂದಳು. "ನಿಮಗೆ ಅದೇ ಸಂಜೆ ಗೊತ್ತಾಗಿತ್ತು. ನಾನು ಒಂದು ವರ್ಷದಿಂದ…"

"ನೀನು ಕೇಳಿದ್ರೆ ತಾನೇ!"

"ನೀವು ಹೇಳಿದ್ರೆ ತಾನೇ!"

ಸೊಸೆ ಆ ಮನೆಯಲ್ಲಿ ದನಿಯೆತ್ತಿದ್ದು ಅದೇ ಮೊದಲು. ನ್ಯಾನ್ ಅತ್ತೆ ಸರಸರನೆ ಅಡುಗೆಮನೆಗೆ ಹೋಗಿ ಡಬ್ಬಿ ತೆರೆಯುವ ಸಲಾಕೆ ತಂದು, ಡಬ್ಬಿಯ ಜೊತೆ ಲುವಾಳ ಮುಂದೆ ಹಿಡಿದಳು.

"ತಪ್ಪಾಯ್ತು ಕಣೇ. ಕೊಂದ ಹಾಗೆ ಅನ್ನೋ ಮಾತು ನಾನು ಆಡಬಾರದಿತ್ತು," ಎಂದಳು ಮೆಲ್ಲಗೆ. ಕೂಡಲೇ ದನಿ ಹಳೆಯ ಜಾಗಕ್ಕೆ ಮರಳಿತು. "ತಗೋ, ನೀನೇ ತೆರಿ. ಎರಡು ತೂತು ಹೊಡಿ, ಒಂದರಲ್ಲಿ ಗಾಳಿ ಹೋಗಲಿ. ಅಷ್ಟೂ ಗೊತ್ತಿಲ್ವಾ?"

ಲುವಾ ಕತ್ತರಿ ಕೆಳಗಿಟ್ಟು ಎರಡು ತೂತು ಹೊಡೆದಳು. ಬಿಳಿ ಹಾಲು ದಪ್ಪಗೆ, ಅವಸರವಿಲ್ಲದೆ ಅಂಚಿಗೆ ಬಂದು ನಿಂತಿತು. ಡಬ್ಬಿಯನ್ನು ಹೂದಾನಿಯ ಮುಂದೆ, ಪಟದ ಎದುರಿಗೇ ಇಟ್ಟಳು. ಈಗ ಕಣ್ಣೀರು ಬಂತು. ಅದು ಎಷ್ಟು ಸಲೀಸಾಗಿ ಬಂತೆಂದರೆ ಒರೆಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಖಾಂಗ್ ಹತ್ತಿರ ಬಂದು ಅವಳ ಕೈಯಿಂದ ಸಲಾಕೆಯನ್ನು ಮೆಲ್ಲಗೆ ಬಿಡಿಸಿಕೊಂಡ. "ನನಗಾದ್ರೂ ಹೇಳಬಾರದಿತ್ತಾ?" ಎಂದ. "ನೀನು ಸೋಡಾ ವಿಷಯ ಹೇಳಿದ್ಯಾ?" ಎಂದಳು ಅವಳು.

ಮಾವ ಮತ್ತೆ ಕಾಸು ಎಸೆದರು. ಒಂದು ತಟ್ಟೆಯಲ್ಲೇ ಕಪ್ಪಗೆ ಬಿತ್ತು. ಇನ್ನೊಂದು ಅಂಚಿಗೆ ಬಡಿದು, ನೆಲಕ್ಕೆ ಹಾರಿ, ಉರುಳುತ್ತ ಬೀರುವಿನ ಅಡಿಗೆ ಹೋಯಿತು.

"ಯಾರೂ ಮುಟ್ಟಬೇಡಿ, ಬಿದ್ದ ಹಾಗೇ ನೋಡಬೇಕು!" ಎಂದು ನ್ಯಾನ್ ಅತ್ತೆ ಕೂಗಿದಳು. ಖಾಂಗ್ ಮೊಬೈಲಿನ ದೀಪ ಹಚ್ಚಿ ನೆಲಕ್ಕೆ ಕೆನ್ನೆ ತಾಗಿಸಿದ. ಮಾವ ಮಂಡಿಯೂರಿದರು. ಎಲ್ಲರಿಗಿಂತ ಮೊದಲು ಲ್ಯೂ ಅಜ್ಜಿ ಕುರ್ಚಿಯಿಂದಲೇ ಬಗ್ಗಿ ಸಾರಿಬಿಟ್ಟಳು: "ಬಿಳಿ! ಬಿಳಿ ಬಿದ್ದಿದೆ! ಎಲೆ ಹಾಕ್ರಪ್ಪ!"

"ನಿಮಗೆ ಎದುರಿಗೆ ನಿಂತ ಮನುಷ್ಯನೇ ಕಾಣಲ್ಲ, ಬೀರು ಕೆಳಗಿನ ಕಾಸು ಕಂಡುಬಿಡ್ತಾ?" ಎಂದಳು ಅತ್ತೆ.

"ಹಸಿದಾಗ ಕಾಣುತ್ತೆ ಕಣಮ್ಮ."

ಅವರು ಇನ್ನೂ ಬೀರುವಿನ ಅಡಿಯಲ್ಲಿ ತಲೆ ತೂರಿಸಿ ವಾದಿಸುತ್ತಿದ್ದರು. ಲುವಾ ಅತ್ತ ತಿರುಗಿ ನೋಡಲಿಲ್ಲ. ಕಾಸು ಹೇಗೆ ಬಿದ್ದಿದೆ ಎಂದು ತಿಳಿಯುವ ಕಾತರ ಅವಳಲ್ಲಿ ಉಳಿದಿರಲಿಲ್ಲ. ಅವಳು ಆಗಲೇ ಸಾರಿನ ಬೋಗುಣಿಯನ್ನು ಮೇಜಿನಿಂದ ಇಳಿಸಿ, ಬಿಸಿ ಮಾಡಲು ಒಲೆಯ ಕಡೆಗೆ ಹೊತ್ತೊಯ್ಯುತ್ತಿದ್ದಳು. ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲವೆಂಬುದು ಅವಳಿಗೆ ನೆನಪಾದದ್ದೇ ಆಗ. ದಾರಿಯಲ್ಲೇ, ಯಾರಿಗೂ ಕಾಯದೆ, ಒಂದು ತುಂಡು ಹಾಗಲಕಾಯಿಯನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.